ಬೋರ್ಡಿಂಗ್‌ಗೆ ಕೊಟ್ಟ ಜೋಳದ ಲೆಕ್ಕ: ನಿಮ್ಮ ಮನೆಯಲ್ಲೂ ಇಂಥ ರಸೀದಿ ಇವೆಯಾ?

ಎರೆಹೊಲ ಯಲಬುರ್ಗಾ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ನಮ್ಮಪ್ಪ ತೀರಿಕೊಂಡು ಈ ಯುಗಾದಿಗೆ ಒಂದು ವರ್ಷ ಆಯಿತು. ವರ್ಷದ ಕಾರ್ಯ ಮುಗಿದ ಮೇಲೆ ಅವರ ಟ್ರಂಕು ತೆಗೆದೆವು. ಪಹಣಿ, ಸೊಸೈಟಿ ಸಾಲದ ಚೀಟಿ, ಎತ್ತು ಮಾರಿದ ಕಾಗದ. ಎಲ್ಲದರ ಕೆಳಗೆ ಒಂದು ಸಣ್ಣ ಅರಿವೆ ಗಂಟು. ಬಿಚ್ಚಿದರೆ ರಸೀದಿಗಳು. ದಬ್ಬಣದಿಂದ ಚುಚ್ಚಿ, ಹುರಿ ಪೋಣಿಸಿ, ವರ್ಷದ ಪ್ರಕಾರ ಕಟ್ಟಿಟ್ಟಿದ್ದಾರೆ. ನಾನು ಐದನೇ ತರಗತಿಯಿಂದ ಹತ್ತರವರೆಗೆ ಉಂಡು ಓದಿದ ಮಠದ ಬೋರ್ಡಿಂಗ್‌ನ ರಸೀದಿಗಳು ಅವು.

ಮೊದಲನೆಯದು 1989ರದು. "ಬಿಳಿಜೋಳ 1 ಚೀಲ." ಆಮೇಲೆ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಒಂದೊಂದು. ನಾನು ಎಸ್ಸೆಸ್ಸೆಲ್ಸಿ ಪಾಸಾದ 1994ರಲ್ಲಿ 2 ಚೀಲ. ನಾನು ಬೋರ್ಡಿಂಗ್ ಬಿಟ್ಟ ಮೇಲೂ ನಿಂತಿಲ್ಲ. 2011ರವರೆಗೂ ಕೊಟ್ಟಿದ್ದಾರೆ. ನಡುವೆ 2003ರ ಒಂದು ರಸೀದಿ ಇದೆ. ಆ ಸಲ ಮಳೆ ಕೈಕೊಟ್ಟು ಹೊಲದಲ್ಲಿ ಜೋಳದ ತೆನೆಯೇ ಕಟ್ಟಿರಲಿಲ್ಲ. ರಸೀದಿಯಲ್ಲಿ ಬರೆದಿರೋದು "ಕುಂಬಳಕಾಯಿ 6."

ನಮ್ಮದು 4 ಎಕರೆ ಎರೆಹೊಲ, ಪೂರ್ತಿ ಮಳೆ ನಂಬಿದ್ದು. ಬೋರ್ಡಿಂಗ್ ಉಚಿತ, ಯಾರೂ ಏನೂ ಕೇಳುತ್ತಿರಲಿಲ್ಲ. ಅಪ್ಪನಿಗೆ ಓದೋಕೆ ಬರುತ್ತಿರಲಿಲ್ಲ. ಆ ಕಾಗದದಲ್ಲಿ ಏನು ಬರೆದಿದೆ ಅಂತ ಅವರಿಗೆ ಗೊತ್ತಾಗುತ್ತಿರಲಿಲ್ಲ. ಆದರೂ ಒಂದನ್ನೂ ಕಳೆದಿಲ್ಲ. ನನಗೆ ಒಂದು ದಿನವೂ ಹೇಳಿಲ್ಲ.

ನಮ್ಮ ಭಾಗದ ಬೋರ್ಡಿಂಗ್‌ಗಳ ಬಗ್ಗೆ ಎಲ್ಲಿ ಓದಿದರೂ ಕಟ್ಟಿಸಿದ ಸ್ವಾಮಿಗಳ ಹೆಸರಿರುತ್ತದೆ, ಜಾಗ ಕೊಟ್ಟ ದೊಡ್ಡವರ ಹೆಸರಿರುತ್ತದೆ, ಓದಿ ದೊಡ್ಡ ಹುದ್ದೆಗೆ ಹೋದವರ ಹೆಸರಿರುತ್ತದೆ. ಅದೆಲ್ಲ ಬೇಕು. ಆದರೆ ಜೋಳ ಕೊಟ್ಟವರ ಹೆಸರು ಎಲ್ಲಿದೆ? ರೊಟ್ಟಿ ಬಡಿದವರ ಹೆಸರು ಎಲ್ಲಿದೆ? ನಿಮ್ಮ ಮನೆಗಳಲ್ಲಿ ಇಂಥ ರಸೀದಿ, ಪುಸ್ತಕ, ನೆನಪು ಏನಿದ್ದರೂ ಇಲ್ಲಿ ಬರೆಯಿರಿ. ರಾಯಚೂರು, ಕೊಪ್ಪಳ, ಬಳ್ಳಾರಿ, ಯಾವ ಬೋರ್ಡಿಂಗ್ ಆದರೂ ಸರಿ.

ಹಳೇ ಮೇಷ್ಟ್ರು, ಸಿಂಧನೂರು

ತಮ್ಮಾ, ನಿನ್ನ ಬರಹ ಓದಿ ಎರಡು ದಿನ ಅದೇ ತಲೆಯಲ್ಲಿತ್ತು. ನನಗೀಗ 78. ಬೋರ್ಡಿಂಗ್ ಯಾಕೆ ಬೇಕಾಯಿತು ಅನ್ನೋದು ಈಗಿನ ಹುಡುಗರಿಗೆ ಗೊತ್ತಿರೋದು ಕಡಿಮೆ. ಅದನ್ನು ಬರೀತೀನಿ.

ರಾಯಚೂರು, ಕೊಪ್ಪಳ ಎರಡೂ ಸ್ವಾತಂತ್ರ್ಯಕ್ಕೆ ಮೊದಲು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅದರೊಳಗೆ ಕೊಪ್ಪಳ ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗರ ಮನೆತನದ ಜಾಗೀರು. ಕಚೇರಿ ಭಾಷೆ ಉರ್ದು, ಮೇಲಿನ ಓದೂ ಉರ್ದುವಿನಲ್ಲೇ. ಖಾಸಗಿಯಾಗಿ ಕನ್ನಡ ಶಾಲೆ ತೆರೆಯಬೇಕು ಅಂದರೂ ಸರ್ಕಾರದ ಅಪ್ಪಣೆ ಬೇಕಿತ್ತು. ಇಂಥದ್ದರಲ್ಲಿ 1920ರ ದಶಕದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ನಡೆಸಿದರು. ಮಂಗಳೂರಿನಲ್ಲಿ ಹುಟ್ಟಿದವರು, ವೈದ್ಯ ಬಲ್ಲವರು, ಸಂಗೀತ ಬಲ್ಲವರು. ಹಮ್‌ದರ್ದ್ ಅಂದರೆ ಇನ್ನೊಬ್ಬರ ನೋವಿಗೆ ಜೊತೆಯಾಗುವವನು ಅಂತ. ಹಿಂದೂ, ಮುಸ್ಲಿಂ ಅಂತ ನೋಡದೆ ಎಲ್ಲ ಮಕ್ಕಳನ್ನೂ ಕೂರಿಸಿದ ಶಾಲೆ ಅದು. ಆಳುವವರಿಗೆ ಅವರ ಮೇಲೆ ಅನುಮಾನ ಬಂತು, ಅವರು ರಾಯಚೂರು ಬಿಡಬೇಕಾಯಿತು. ತುಂಗಭದ್ರೆಯ ದಂಡೆಯಲ್ಲಿ ಪ್ರೇಮಾಯತನ ಅಂತ ಆಶ್ರಮ ಕಟ್ಟಿಕೊಂಡರು. ಅಲ್ಲಿ ಜಾತಿ ನೋಡದೆ ಎಲ್ಲರೂ ಕೂಡಿ ಬಾಳುತ್ತಿದ್ದರು. 1942ರಲ್ಲಿ ತೀರಿಕೊಂಡರು.

ನಮ್ಮ ದೊಡ್ಡಪ್ಪ ಓದಿದ್ದು ಆ ಕಾಲದ ರಾಯಚೂರಿನಲ್ಲಿ, ವಾರಾನ್ನ ಉಂಡುಕೊಂಡು. ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ. ಹೀಗೆ ಏಳು ಮನೆ ಹಿಡಿಯಬೇಕು. ಅವರಿಗೆ ಐದೇ ಮನೆ ಸಿಕ್ಕಿದ್ದವು. ಗುರುವಾರ, ಶನಿವಾರ ಏನು ಮಾಡುತ್ತಿದ್ದಿರಿ ಅಂತ ನಾನು ಸಣ್ಣವನಿದ್ದಾಗ ಕೇಳಿದ್ದೆ. "ಶೇಂಗಾ ತಿಂದು ನೀರು ಕುಡಿದು ಮಲಗೋದು" ಅಂದಿದ್ದರು. ಈ ವಾರಾನ್ನ ಕೂಡ ಎಲ್ಲ ಹುಡುಗರಿಗೂ ಸಿಗುತ್ತಿರಲಿಲ್ಲ. ಜಾತಿ ನೋಡಿಯೇ ಮನೆಯೊಳಗೆ ಕರೆಯುತ್ತಿದ್ದರು. ಒಕ್ಕಲು ಮಕ್ಕಳಿಗೆ, ಕುರುಬರ ಮಕ್ಕಳಿಗೆ, ದಲಿತರ ಮಕ್ಕಳಿಗೆ ಊರಿನಲ್ಲಿ ಯಾರು ವಾರ ಕೊಡುತ್ತಾರೆ? ಬೋರ್ಡಿಂಗ್ ಬೇಕಾಗಿದ್ದು ಅಲ್ಲಿಂದ.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರಲ್ಲಿ ನಾವು ಕನ್ನಡ ನಾಡಿಗೆ ಸೇರಿದೆವು. ಆಮೇಲೆ ತಾಲೂಕಿನ ಊರುಗಳಲ್ಲಿ ಹೈಸ್ಕೂಲು ಬಂದವು. ಆದರೆ ನಮ್ಮೂರಿಂದ ಹೈಸ್ಕೂಲಿಗೆ 11 ಮೈಲಿ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಅಲ್ವಾ? ಒಂದೊಂದು ಕಾಲಿಗೆ ಎರಡೆರಡು ಸೇರು ಮಣ್ಣು. ಶಾಲೆ ಇತ್ತು, ಮೇಷ್ಟ್ರು ಇದ್ದರು, ಫೀಸೂ ಜಾಸ್ತಿ ಇರಲಿಲ್ಲ. ರಾತ್ರಿ ಎಲ್ಲಿ ಮಲಗೋದು, ಏನು ಉಣ್ಣೋದು ಅನ್ನೋದಕ್ಕೆ ಉತ್ತರ ಇಲ್ಲದೆ ಓದು ಬಿಟ್ಟವರು ನನ್ನ ವಾರಿಗೆಯಲ್ಲಿ ಎಷ್ಟೋ ಜನ.

ಕೋಟೆ ಕೆಳಗಿನ ಮನೆ, ಕೊಪ್ಪಳ

ಗುರುಗಳೇ, ಕೊಪ್ಪಳದ ಗವಿಮಠದ ವಿಷಯ ಬರೆಯದೆ ಈ ಚರ್ಚೆ ಮುಗಿಯೋದಿಲ್ಲ. ನಾನೇ ಬರೆಯುತ್ತೇನೆ.

ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನ ಇದೆ, ಪಕ್ಕದ ಪಾಲ್ಕಿಗುಂಡಿನಲ್ಲಿ ಇನ್ನೊಂದಿದೆ. ಹಿಂದಿನಿಂದಲೂ ಜನ ಬಂದು ಹೋಗುವ ಜಾಗ. ಮಠದ 16ನೇ ಪೀಠಾಧಿಪತಿ ಮರಿಶಾಂತವೀರ ಮಹಾಸ್ವಾಮಿಗಳು ಆಯುರ್ವೇದ ಬಲ್ಲವರು, ಬಡವರಿಗೆ ಔಷಧ ಕೊಡುತ್ತಿದ್ದವರು. ಶಾಲೆ ತೆರೆದರು, ಹಳ್ಳಿ ಮಕ್ಕಳಿಗೆ ಉಚಿತ ಪ್ರಸಾದ ನಿಲಯ ನಡೆಸಿದರು. 1963ರಲ್ಲಿ ಕೊಪ್ಪಳಕ್ಕೆ ಗವಿಸಿದ್ಧೇಶ್ವರ ಕಾಲೇಜು ಬಂತು. ಆಗ ಕೊಪ್ಪಳ ಜಿಲ್ಲೆಯೂ ಅಲ್ಲ, ರಾಯಚೂರು ಜಿಲ್ಲೆಯ ಒಂದು ತಾಲೂಕು ಊರು ಅಷ್ಟೇ. ಜಿಲ್ಲೆಯಾಗಿದ್ದು 1997ರಲ್ಲಿ. ಅಂದರೆ ಜಿಲ್ಲೆಯಾಗೋಕೆ 34 ವರ್ಷ ಮೊದಲೇ ನಮ್ಮೂರಿನಲ್ಲಿ ಡಿಗ್ರಿ ಕಾಲೇಜು ಇತ್ತು. ಅದಕ್ಕೂ ಮೊದಲು ಕಾಲೇಜು ಓದಬೇಕು ಅಂದವರು ಬೇರೆ ಊರಿಗೆ ರೈಲು ಹತ್ತಬೇಕಿತ್ತು.

ಈಗಿನ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ 18ನೆಯವರು. 2019ರಲ್ಲಿ ಜನರನ್ನು ಕೂಡಿಸಿಕೊಂಡು ಹಿರೇಹಳ್ಳದ ಹೂಳು ತೆಗೆಸಿದ್ದನ್ನು ನಾವೆಲ್ಲ ನೋಡಿದ್ದೇವೆ. 2022ರ ಜೂನ್‌ನಲ್ಲಿ 5000 ವಿದ್ಯಾರ್ಥಿಗಳ ಹಾಸ್ಟೆಲ್ ಕಟ್ಟಡದ ಮಾತು ಬಂದಾಗ ಅಜ್ಜಾರು (ಸ್ವಾಮೀಜಿಯವರನ್ನು ನಮ್ಮ ಕಡೆ ಹೀಗೇ ಕರೆಯೋದು) ವೇದಿಕೆ ಮೇಲೇ ಕಣ್ಣೀರು ಹಾಕಿದರು. ಓದೋಕೆ ಅಂತ ಬಂದ ಮಕ್ಕಳಿಗೆ ಜಾಗ ಸಾಲುತ್ತಿಲ್ಲ ಅನ್ನೋ ಸಂಕಟ ಅದು. ಆ ವಿಡಿಯೋ ನೋಡಿ ನಮ್ಮ ಓಣಿಯ ತರಕಾರಿ ಮಾರುವ ಅಮ್ಮ ತನ್ನ ಒಂದು ದಿನದ ವ್ಯಾಪಾರದ ದುಡ್ಡು ಪೂರ್ತಿ ಕೊಟ್ಟು ಬಂದರು. ಕೂಲಿಯವರು, ಆಟೋದವರು, ಹಮಾಲರು, ಕೈಲಾದಷ್ಟು ಕೊಟ್ಟವರಿಗೆ ಲೆಕ್ಕ ಇಲ್ಲ.

ಜನವರಿಯ ಜಾತ್ರೆಗೆ ಬಂದವರು ಮಹಾದಾಸೋಹ ನೋಡಿರುತ್ತೀರಿ. ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ ಬರುತ್ತವೆ. ಜಾತ್ರೆಗೆ ಹದಿನೈದು ದಿನ ಮುಂಚೆ ನಮ್ಮ ಕಡೆ ಊರುಗಳಲ್ಲಿ ಸಂಜೆ ನಡೆದುಕೊಂಡು ಹೋಗಿ ನೋಡಿ. ಮನೆಮನೆಯಿಂದ ರೊಟ್ಟಿ ಬಡಿಯುವ ಸದ್ದು. ತಮ್ಮ ಮನೆಗೆ ನಾಲ್ಕು ರೊಟ್ಟಿ ಮಾಡಿದರೆ ಮಠಕ್ಕೆ ನಲವತ್ತು ಮಾಡುತ್ತಾರೆ. ಯಲಬುರ್ಗಾ ಅಣ್ಣ, ನಿಮ್ಮಪ್ಪನ ರಸೀದಿಯೂ ಇದೇ ಸಾಲಿನದು.

ಕೌಲ್‌ಬಜಾರ್, ಬಳ್ಳಾರಿ

ನಮ್ಮ ಬಳ್ಳಾರಿಯ ಕಥೆ ಸ್ವಲ್ಪ ಬೇರೆ. ನಾವು ಮದರಾಸು ಪ್ರಾಂತ್ಯದಲ್ಲಿದ್ದೆವು, ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ. ಇಂಗ್ಲಿಷ್ ಶಾಲೆಗಳು ನಮ್ಮಲ್ಲಿ ಬೇಗ ಬಂದವು. ವೀರಶೈವ ವಿದ್ಯಾವರ್ಧಕ ಸಂಘ ಶುರುವಾಗಿದ್ದು 1916ರಲ್ಲಿ, ವೀರಶೈವ ಕಾಲೇಜು 1945ರಲ್ಲಿ. ಆದರೆ ಪೇಟೆಯಲ್ಲಿ ಮನೆ ಇದ್ದವರಿಗೆ ಶಾಲೆ ಹತ್ತಿರ, ಹಳ್ಳಿಯವರಿಗೆ ಆಗಲೂ ದೂರವೇ.

ಒಂದು ಮಾತು ಸೇರಿಸುತ್ತೇನೆ. ಈ ಬೋರ್ಡಿಂಗ್ ಅನ್ನೋದು ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಕೊಲ್ಹಾಪುರದ ಶಾಹೂ ಮಹಾರಾಜರು 1901ರಿಂದ ಒಂದೊಂದು ಸಮಾಜದ ಮಕ್ಕಳಿಗೂ ಒಂದೊಂದು ಹಾಸ್ಟೆಲ್ ತೆರೆಸುತ್ತಾ ಬಂದರು. ತುಮಕೂರಿನ ಸಿದ್ಧಗಂಗೆಯಲ್ಲಿ ಉದ್ದಾನ ಶಿವಯೋಗಿಗಳು 1917ರಲ್ಲಿ ಶುರು ಮಾಡಿದರು. ಅಂಬೇಡ್ಕರರು 1925ರಲ್ಲಿ ಸೊಲ್ಲಾಪುರದಲ್ಲಿ, 1929ರಲ್ಲಿ ಧಾರವಾಡದಲ್ಲಿ ದಲಿತ ಮಕ್ಕಳಿಗೆ ಹಾಸ್ಟೆಲ್ ಮಾಡಿದರು. ಮೂವತ್ತು ವರ್ಷದೊಳಗೆ ಇಷ್ಟು ಕಡೆ ಒಂದೇ ಕೆಲಸ ನಡೆದಿದೆ. ಶಾಲೆ ಕಟ್ಟಿದರೆ ಸಾಲದು, ಹೊಟ್ಟೆಗೂ ಹಾಕಬೇಕು ಅಂತ ಬೇರೆ ಬೇರೆ ದಾರಿಯಲ್ಲಿ ನಡೆದವರಿಗೆ ಒಂದೇ ಕಾಲಕ್ಕೆ ಅನಿಸಿದೆ.

ಮಾನ್ವಿ ಕಡೆಯವ

ಎಲ್ಲರೂ ಒಳ್ಳೇದನ್ನೇ ಬರೆಯುತ್ತಿದ್ದೀರಿ. ನಾನು ನೋಡಿದ್ದನ್ನೂ ಬರೆಯಬೇಕು. ಬೇಜಾರಾಗಬೇಡಿ.

ನಾನು ಎರಡು ವರ್ಷ ಒಂದು ಬೋರ್ಡಿಂಗ್‌ನಲ್ಲಿದ್ದೆ. ಹೆಸರು ಬೇಡ. ಸೇರಿಸಿಕೊಂಡರು, ಊಟ ಕೊಟ್ಟರು, ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಆದರೆ ಪಂಕ್ತಿಯಲ್ಲಿ ನಮ್ಮ ಆರು ಜನರ ಜಾಗ ಯಾವಾಗಲೂ ಬಾಗಿಲ ಹತ್ತಿರದ ಕೊನೆ. ಅಲ್ಲೇ ಕೂಡ್ರಿ ಅಂತ ಯಾರೂ ಹೇಳಲಿಲ್ಲ, ಏಳಿ ಅಂತಲೂ ಹೇಳಲಿಲ್ಲ. ಮೊದಲನೇ ದಿನ ಅಲ್ಲಿ ಕೂತೆವು, ಎರಡು ವರ್ಷ ಅಲ್ಲೇ ಕೂತೆವು. ನೀರಿನ ಹಂಡೆಯಿಂದ ನಾವು ನೀರು ತೆಗೆಯುತ್ತಿರಲಿಲ್ಲ, ಇನ್ನೊಬ್ಬರು ಹಾಕುತ್ತಿದ್ದರು. ಒಂಬತ್ತನೇ ತರಗತಿಗೆ ನಾನು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗೆ ಹೋದೆ. ಅಲ್ಲಿ ಸಾರು ನೀರಾಗಿರುತ್ತಿತ್ತು, ಹಾಸಿಗೆಯಲ್ಲಿ ತಗಣೆ. ಆದರೆ ಹಂಡೆಗೆ ಕೈ ಹಾಕಿ ನಾನೇ ನೀರು ತೆಗೆದುಕೊಂಡೆ. ಅದು ನನಗೆ ದೊಡ್ಡದಾಗಿತ್ತು, ಈಗಲೂ ದೊಡ್ಡದು.

ಆ ಬೋರ್ಡಿಂಗ್‌ನ ಊಟವನ್ನು ನಾನು ಮರೆತಿಲ್ಲ. ಕೊನೆಯ ಜಾಗವನ್ನೂ ಮರೆತಿಲ್ಲ. ನೀವು ಇತಿಹಾಸ ಬರೆಯೋದಾದರೆ ಎರಡನ್ನೂ ಬರೆಯಿರಿ.

ಎರೆಹೊಲ ಯಲಬುರ್ಗಾ

ಮಾನ್ವಿ ಅಣ್ಣ, ಬೇಜಾರಿಲ್ಲ. ಬರೆದಿದ್ದಕ್ಕೆ ಶರಣು. ಎರಡನ್ನೂ ಬರೆಯೋಣ.

ನಮ್ಮ ಪಂಕ್ತಿಯಲ್ಲಿ ಹಾಗಿತ್ತಾ ಅಂತ ನಿನ್ನೆ ರಾತ್ರಿ ಪೂರ್ತಿ ನೆನಪು ಮಾಡಿಕೊಂಡೆ. ನನಗೆ ಅಂಥದ್ದು ನೆನಪಾಗಲಿಲ್ಲ. ಆದರೆ ನಾನು ಕೂರುತ್ತಿದ್ದದ್ದು ನಡುವಿನ ಸಾಲಿನಲ್ಲಿ. ನಡುವೆ ಕೂತವನಿಗೆ ಬಾಗಿಲ ಹತ್ತಿರ ಯಾರಿದ್ದರು ಅಂತ ಕಾಣಿಸದೇ ಇದ್ದಿರಬಹುದು. ಹಳೇ ಗೆಳೆಯರಲ್ಲಿ ಕೇಳುತ್ತೇನೆ.

ರೊಟ್ಟಿಮನೆ

ನಮಸ್ಕಾರ ಅಣ್ಣಾ. ನೀವು ಮೊದಲು ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇದೆ. ನಮ್ಮವ್ವ 23 ವರ್ಷ ಬೋರ್ಡಿಂಗ್‌ನಲ್ಲಿ ರೊಟ್ಟಿ ಬಡಿದಳು. ನಾನು ಅದೇ ಅಡುಗೆಮನೆಯಲ್ಲಿ ಬೆಳೆದವಳು. ಈಗ ಗಂಗಾವತಿಯಲ್ಲಿದ್ದೇನೆ.

ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚೋದು. ಉರುವಲು ಹತ್ತಿ ಕಟ್ಟಿಗೆ. ಅದು ಬೇಗ ಹತ್ತುತ್ತದೆ, ಬೇಗ ಆರುತ್ತದೆ. ಅದಕ್ಕೇ ಒಲೆ ಮುಂದೆ ಒಬ್ಬರು ಕೂತೇ ಇರಬೇಕು. ಆ ಒಬ್ಬರು ನಾನು, ಆರು ವರ್ಷದವಳು. ದೊಡ್ಡ ಪಾತ್ರೆಯಲ್ಲಿ ಎಸರು ಕುದಿಸಿ ಹಿಟ್ಟಿಗೆ ಸುರಿಯೋರು. ಬಿಸಿ ಇದ್ದಾಗಲೇ ನಾದಬೇಕು, ಆರಿದರೆ ರೊಟ್ಟಿ ಹರಿಯುತ್ತದೆ. ಅವ್ವನ ಅಂಗೈ ಯಾವಾಗಲೂ ಕೆಂಪಗೆ. ನಾಲ್ಕು ಜನ ಹೆಂಗಸರು ಎದುರುಬದುರು ಕೂತು ಬಡಿಯೋರು. ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ ಹಾಕಿ, ಕೆಂಡದ ಮುಂದೆ ನಿಲ್ಲಿಸಿದರೆ ಉಬ್ಬುತ್ತಿತ್ತು. ಆ ಸದ್ದು ಹುಡುಗರಿಗೆ ಎಷ್ಟು ರೂಢಿಯಾಗಿತ್ತು ಅಂದರೆ, ಗಂಟೆ ಹೊಡೆಯೋಕೆ ಮೊದಲೇ ಅದಕ್ಕೇ ಎಚ್ಚರಾಗುತ್ತಿತ್ತು ಅಂತ ಹೇಳೋರು.

180 ಹುಡುಗರು. ಬೆಳಗಿಗೆ ತಲೆಗೆ ಮೂರು ರೊಟ್ಟಿ. 540 ರೊಟ್ಟಿ. ಬಡಿಯುವ ನಾಲ್ವರಲ್ಲಿ ಒಬ್ಬೊಬ್ಬರಿಗೆ 135. ಒಂದು ಕಿಲೋ ಹಿಟ್ಟಿಗೆ ಹನ್ನೊಂದು ರೊಟ್ಟಿ ಅಂತ ಅವ್ವನ ಲೆಕ್ಕ. ಅಂದರೆ ಒಂದು ಬೆಳಗಿಗೆ ಹತ್ತಿರ ಹತ್ತಿರ ಅರ್ಧ ಕ್ವಿಂಟಾಲ್ ಜೋಳ. ಅಣ್ಣಾ, ನಿಮ್ಮಪ್ಪ ಕೊಟ್ಟ ಒಂದು ಚೀಲ, ನೂರು ಕಿಲೋದ್ದು ಅಂತ ಹಿಡಿದರೆ, 180 ಮಕ್ಕಳಿಗೆ ಎರಡು ದಿನದ ಬೆಳಗಿನ ರೊಟ್ಟಿ. 1994ರಲ್ಲಿ ಎರಡು ಚೀಲ ಕೊಟ್ಟರಲ್ಲ, ಅದು ನಾಲ್ಕು ದಿನದ್ದು. ಇದನ್ನು ಹೇಳೋಕೇ ನಾನು ಇಲ್ಲಿ ಬರೆಯೋಕೆ ಕೂತೆ.

ಪಲ್ಯ ಸುಗ್ಗಿ ನೋಡಿಕೊಂಡು. ಪುಂಡಿಪಲ್ಯ ಬಂದರೆ ವಾರಗಟ್ಟಲೆ ಪುಂಡಿಪಲ್ಯ, ಬದನೆಕಾಯಿ ಬಂದರೆ ಬದನೆಕಾಯಿ. ಏನೂ ಬರದಿದ್ದಾಗ ಜುಣಕ. ಅಮಾವಾಸ್ಯೆಗೆ ಗೋಧಿ ಹುಗ್ಗಿ. ಕುಂಬಳಕಾಯಿ ಬಂದರೆ ಅವ್ವನಿಗೆ ಖುಷಿ, ಯಾಕಂದರೆ ಅದು ಕೆಡೋದಿಲ್ಲ, ಮೂಲೆಯಲ್ಲಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. 2003ರಲ್ಲಿ ಬರಗಾಲದ ದಿನಗಳಲ್ಲಿ ಇಡೀ ಬೋರ್ಡಿಂಗ್ ಕುಂಬಳಕಾಯಿ ಸಾರಿನ ಮೇಲೆ ನಡೆಯಿತು ಅಂತ ಅವ್ವ ಈಗಲೂ ಹೇಳುತ್ತಾಳೆ. ನಮ್ಮದು ಬೇರೆ ತಾಲೂಕಿನ ಬೋರ್ಡಿಂಗ್. ಆದರೂ ನಿಮ್ಮ ಆ 6 ಕಾಯಿ ಓದಿ ಹೇಳಿದಾಗ ಅವ್ವ ಸುಮ್ನೆ ಕೂತುಬಿಟ್ಟಳು. ಆಮೇಲೆ "ಕೊಟ್ಟಾಂವ ತನ್ನ ಮಕ್ಕಳಿಗೆ ಏನಿಟ್ಟಿದ್ನೋ" ಅಂದಳು.

ಅವ್ವನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಪಗಾರದ ಪುಸ್ತಕದಲ್ಲಿ ಹೆಬ್ಬೆಟ್ಟು ಇರಬಹುದು.

ಲಿಂಗಸುಗೂರು ಅಕ್ಕ

ತಂಗಿ, ನಿಮ್ಮವ್ವನಿಗೆ ನನ್ನ ಶರಣು ಹೇಳು.

ನನ್ನದೊಂದು ಪ್ರಶ್ನೆ ಇದೆ. ಇಲ್ಲಿ ಇಲ್ಲಿಯವರೆಗೆ ಬರೆದ ಎಲ್ಲ ಬೋರ್ಡಿಂಗ್‌ಗಳೂ ಹುಡುಗರವು. ರೊಟ್ಟಿ ಬಡಿದವರು ಹೆಂಗಸರು, ಉಂಡು ಓದಿದವರು ಗಂಡುಮಕ್ಕಳು. ನಮ್ಮಣ್ಣ ಬೋರ್ಡಿಂಗ್‌ನಲ್ಲಿ ಓದಿ ಎಂಜಿನಿಯರ್ ಆದ. ನಾನು ಅವನಿಗಿಂತ ಜಾಣೆ ಇದ್ದೆ, ಅವನೇ ಹೇಳುತ್ತಾನೆ. ಏಳನೇ ತರಗತಿಗೆ ನನ್ನ ಓದು ನಿಂತಿತು, ಯಾಕಂದರೆ ಹೆಣ್ಣುಮಕ್ಕಳಿಗೆ ಇರೋಕೆ ಜಾಗ ಇರಲಿಲ್ಲ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯಲ್ಲಿ ಅಕ್ಷರ ಬಲ್ಲವರು ಶೇ. 59.56. ಹೆಂಗಸರನ್ನು ಮಾತ್ರ ಲೆಕ್ಕ ಹಿಡಿದರೆ ಶೇ. 49ನ್ನೂ ಮುಟ್ಟೋದಿಲ್ಲ. ಅರ್ಧಕ್ಕಿಂತ ಕಡಿಮೆ. ಇದು ಅಂಕಿಯಾಗಿ ಓದೋರಿಗೆ ಅಂಕಿ, ನನಗೆ ನನ್ನ ಓಣಿಯ ಗೆಳತಿಯರ ಮುಖಗಳು.

2004ರಲ್ಲಿ ಕಸ್ತೂರಬಾ ಬಾಲಿಕಾ ವಿದ್ಯಾಲಯಗಳ ಯೋಜನೆ ಬಂತು. ಹಿಂದುಳಿದ ಬ್ಲಾಕ್‌ಗಳಲ್ಲಿ 6ರಿಂದ 8ನೇ ತರಗತಿಯ ಹುಡುಗಿಯರಿಗೆ ಊಟ, ವಸತಿ, ಶಾಲೆ ಒಂದೇ ಕಡೆ. ನನ್ನ ತಂಗಿಯ ಮಗಳು ಅಂಥದ್ದರಲ್ಲಿ ಓದಿದಳು, ಈಗ ಬಿಎಸ್ಸಿ ನರ್ಸಿಂಗ್. ಅವಳನ್ನು ಬಿಡೋಕೆ ಹೋದ ದಿನ ಆ ಕೋಣೆಯಲ್ಲಿ ಸಾಲಾಗಿಟ್ಟ ಟ್ರಂಕುಗಳನ್ನು ನೋಡಿದೆ. ಒಂದೊಂದರ ಮೇಲೂ ಸುಣ್ಣದಲ್ಲಿ ಹುಡುಗಿಯರ ಹೆಸರು. ಹೊರಗೆ ಬಂದು ಬೇವಿನ ಮರದ ಕೆಳಗೆ ಅತ್ತೆ. ಖುಷಿಗೋ, ನನಗೆ ಸಿಗಲಿಲ್ಲ ಅಂತಲೋ, ನನಗೇ ತಿಳಿಯಲಿಲ್ಲ.

ತುಂಗಭದ್ರಾ ದಂಡೆ

ಈ ಕೆಲಸ ಸರ್ಕಾರದ್ದು ಅಂತ ನನ್ನ ಅಭಿಪ್ರಾಯ. ದೇವರಾಜ ಅರಸರ ಕಾಲದಿಂದ ಹಿಂದುಳಿದ ವರ್ಗದವರಿಗೆ ಹಾಸ್ಟೆಲ್‌ಗಳು ಹೆಚ್ಚಾದವು. ಹಾಸ್ಟೆಲ್ ಸೀಟು ಸಿಗದವರಿಗೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ವ್ಯವಸ್ಥೆ ಬಂತು. ಸರ್ಕಾರದ ಹಾಸ್ಟೆಲ್‌ನಲ್ಲಿ ಸಾರು ತಿಳಿಯಾದರೆ ಹುಡುಗ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬಹುದು. ದಾನದ ಊಟದ ಬಗ್ಗೆ ಯಾರಿಗೆ ಕೇಳೋದು? ಮಾನ್ವಿ ಅಣ್ಣ ಬರೆದದ್ದು ಅದನ್ನೇ ಅಲ್ವಾ?

ಹಳೇ ಮೇಷ್ಟ್ರು, ಸಿಂಧನೂರು

ನಿಮ್ಮ ಮಾತು ಒಪ್ಪುತ್ತೇನೆ. ಆದರೆ ನಮ್ಮ ಕಡೆ ಗುಳೆ ಅಂತ ಒಂದಿದೆ. ಸುಗ್ಗಿ ಮುಗಿಯಿತು ಅಂದರೆ ಗಂಡ ಹೆಂಡತಿ ಗಂಟು ಕಟ್ಟಿಕೊಂಡು ಬೆಂಗಳೂರಿಗೋ ಗೋವಾಕ್ಕೋ ಹೋಗುತ್ತಾರೆ. ಮಗು ಏನು ಮಾಡಬೇಕು? ಅರ್ಜಿ ಹಾಕುವ ಕೊನೆ ದಿನಾಂಕ ಮುಗಿದಿರುತ್ತದೆ, ಜಾತಿ ಪ್ರಮಾಣಪತ್ರ ಇರೋದಿಲ್ಲ, ಮಂಜೂರಾದ ಸೀಟು ತುಂಬಿರುತ್ತವೆ. ನಾನು ಮೇಷ್ಟ್ರಾಗಿದ್ದಾಗ ನವೆಂಬರಿನಲ್ಲಿ, ಡಿಸೆಂಬರಿನಲ್ಲಿ ಇಂಥ ಮಕ್ಕಳನ್ನು ಕೈಹಿಡಿದು ಕರೆದುಕೊಂಡು ಹೋಗಿ ಬಿಟ್ಟಿದ್ದು ಮಠದ ಬೋರ್ಡಿಂಗ್‌ಗೆ. "ಕಾಗದ ಆಮೇಲೆ ತರ್ರಿ, ಮೊದಲು ಉಣ್ಣಲಿ" ಅಂದರು ಅಲ್ಲಿನ ಗುಮಾಸ್ತರು. ಸರ್ಕಾರದ್ದು ಹೆಚ್ಚಾಗಲಿ, ಚೆನ್ನಾಗಿ ನಡೆಯಲಿ. ಅದು ಎಲ್ಲ ಮಕ್ಕಳನ್ನೂ ಮುಟ್ಟುವವರೆಗೆ ಇದೂ ಬೇಕು.

ಹೊಸ ಸದಸ್ಯ

ಗುಮಾಸ್ತರು ಅಂದದ್ದಕ್ಕೆ ನೆನಪಾಯಿತು. ಇದನ್ನು ನಾನು ಎಲ್ಲೂ ಬರೆದವನಲ್ಲ.

ನಮ್ಮವ್ವನನ್ನು ಸಣ್ಣವಳಿದ್ದಾಗ ದೇವರಿಗೆ ಬಿಟ್ಟಿದ್ದರು. ಅದನ್ನು ತಡೆಯುವ ಕಾನೂನು ಬಂದಿದ್ದು 1982ರಲ್ಲಿ, ಅಷ್ಟೊತ್ತಿಗೆ ಅವ್ವನ ಬಾಳು ಹೋಗಿತ್ತು. ಎಲ್ಲಿ ಹೋದರೂ ಅರ್ಜಿಯಲ್ಲಿ "ತಂದೆಯ ಹೆಸರು" ಅನ್ನೋ ಒಂದು ಗೆರೆ. ಶಾಲೆಗೆ ಸೇರಿಸುವ ದಿನ ಅವ್ವ ಆ ಗೆರೆಗೆ ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ನನಗೆ ಹೇಳಿಕೊಟ್ಟಿದ್ದಳು, ಒಂದು ಸುಳ್ಳು ಹೆಸರು. ಬೋರ್ಡಿಂಗ್‌ನ ಗುಮಾಸ್ತರು ಅರ್ಜಿ ತುಂಬುತ್ತಾ ಬಂದರು. ಊರು, ಹುಟ್ಟಿದ ದಿನ. ಆ ಗೆರೆ ಬಂದಾಗ ತಲೆ ಎತ್ತಿ ಅವ್ವನ ಮುಖ ನೋಡಿದರು. ಏನೂ ಕೇಳಲಿಲ್ಲ. "ನಿಮ್ಮ ಹೆಸರೇನವ್ವಾ?" ಅಂದರು. ಅವ್ವ ಹೇಳಿದಳು. ಆ ಗೆರೆಯ ಮೇಲೆ ಅವ್ವನ ಹೆಸರು ಬರೆದು, ಮುಂದಿನದಕ್ಕೆ ಹೋದರು.

ಈಗ ನಾನು ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ದಾಖಲಾತಿ ಸಮಯದಲ್ಲಿ ಅರ್ಜಿ ತುಂಬುವ ಕೆಲಸ ನಾನೇ ಕೇಳಿ ತೆಗೆದುಕೊಳ್ಳುತ್ತೇನೆ.

ರೊಟ್ಟಿಮನೆ

ಅಣ್ಣಾ, ಇದನ್ನು ಅವ್ವನಿಗೆ ಓದಿ ಹೇಳಿದೆ. "ಅಂಥಾ ಮಕ್ಕಳು ನಮ್ಮಲ್ಲೂ ಇದ್ದರು, ನಮಗೆ ಗೊತ್ತಿತ್ತು, ಆದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ" ಅಂದಳು.

ಎರೆಹೊಲ ಯಲಬುರ್ಗಾ

ಎಲ್ಲರಿಗೂ. ತಡವಾಗಿ ಬರೆಯುತ್ತಿದ್ದೇನೆ. ರವಿವಾರ ನಾನು ಓದಿದ ಬೋರ್ಡಿಂಗ್‌ಗೆ ಹೋಗಿ ಬಂದೆ. ಇಪ್ಪತ್ತು ವರ್ಷದ ಮೇಲೆ.

ಈಗ ರೊಟ್ಟಿ ಮಾಡುವ ಮೆಷಿನ್ ಬಂದಿದೆ. ಹಳೇ ಅಡುಗೆಮನೆ ಉಗ್ರಾಣ ಆಗಿದೆ. ಗೋಡೆಯಲ್ಲಿ ಒಲೆ ಇದ್ದ ಕಡೆ ಮಸಿ ಹಾಗೇ ಇದೆ, ಮೂರು ಸಲ ಸುಣ್ಣ ಬಳಿದರೂ ಹೋಗಲಿಲ್ಲವಂತೆ. ಅಜ್ಜಾರಿಗೆ ನಮಸ್ಕಾರ ಮಾಡಿ ರಸೀದಿ ಗಂಟು ತೋರಿಸಿದೆ. ಒಂದೊಂದಾಗಿ ತಿರುವಿ ನೋಡಿದರು. ಆಮೇಲೆ ಒಬ್ಬ ಹುಡುಗನನ್ನು ಕರೆದು ಅಟ್ಟದ ಕೀಲಿ ಕೊಟ್ಟರು.

ಅಟ್ಟದ ಮೇಲೆ 14 ರಿಜಿಸ್ಟರ್ ಇವೆ. ಮೂರು ಗೆದ್ದಲು ಹಿಡಿದಿವೆ, ಮುಟ್ಟಿದರೆ ಪುಡಿಯಾಗುತ್ತವೆ. ಒಂದಕ್ಕೆ ಮಳೆ ನೀರು ಬಿದ್ದು ಹಾಳೆ ಅಂಟಿಕೊಂಡಿವೆ. ಹತ್ತು ಚೆನ್ನಾಗಿವೆ. ಕೆಂಪು ಬಟ್ಟೆ ರಟ್ಟು, ನೀಲಿ ಶಾಯಿ, ಒಂದೇ ಕೈಯ ಬರಹ. ನಮ್ಮ ಗುಮಾಸ್ತರದು.

2003ರದು ಸಿಕ್ಕಿತು. ಅಪ್ಪನ ಹೆಸರಿನ ಮುಂದೆ ಕುಂಬಳಕಾಯಿ 6. ಅದೇ ಪುಟದಲ್ಲಿ ಮೇಲೆ ಕೆಳಗೆ ಇನ್ನೂ ಮೂವತ್ತೊಂದು ಹೆಸರು. ಹುಣಸೆಹಣ್ಣು 2 ಕಿಲೋ. ಒಣಮೆಣಸಿನಕಾಯಿ ಅರ್ಧ ಕಿಲೋ. ಉಪ್ಪು 1 ಚೀಲ. ಹತ್ತಿ ಕಟ್ಟಿಗೆ 1 ಬಂಡಿ. ಒಬ್ಬರು "ಒಂದು ದಿನದ ಕೂಲಿ, 30 ರೂ." ಇನ್ನೊಬ್ಬರು, "ಏನೂ ಇಲ್ಲ, ಎರಡು ದಿನ ನೀರು ಹೊತ್ತು ಹಾಕಿದರು" ಅಂತ. ಅದನ್ನೂ ಬರೆದಿಟ್ಟಿದ್ದಾರೆ. ಕೊಟ್ಟವರ ಪಟ್ಟಿಯಲ್ಲೇ ಬರೆದಿದ್ದಾರೆ.

ರೊಟ್ಟಿಮನೆ ತಂಗಿ, ಪಗಾರದ ಪುಸ್ತಕ ಬೇರೆ ಇದೆ. ನಾಲ್ಕು ಹೆಂಗಸರ ಹೆಬ್ಬೆಟ್ಟು, ಪಕ್ಕದಲ್ಲಿ ಹೆಸರು. ನಮ್ಮ ಬೋರ್ಡಿಂಗ್‌ನ ಆ ನಾಲ್ಕು ಹೆಸರು ಬರೆದುಕೊಂಡು ಬಂದೆ. ಒಬ್ಬರು ಇದ್ದಾರೆ, ಕುಕನೂರಿನಲ್ಲಿ ಮಗಳ ಮನೆಯಲ್ಲಿದ್ದಾರಂತೆ.

ಮಾನ್ವಿ ಅಣ್ಣ, ಗೆಳೆಯರಲ್ಲಿ ಕೇಳಿದೆ. ಒಬ್ಬ ಹೇಳಿದ, ನೀರಿನ ಹಂಡೆಯ ವಿಷಯ ನಮ್ಮಲ್ಲೂ ಇತ್ತು, 1990ರವರೆಗೆ. ಆಮೇಲೆ ಹಿರಿಯ ಅಜ್ಜಾರೇ ಹಂಡೆ ತೆಗೆಸಿ ನಲ್ಲಿ ಹಾಕಿಸಿದರು ಅಂತ. ನಾನು ಅಲ್ಲೇ ಇದ್ದೆ. ನನಗೆ ನಲ್ಲಿ ನೆನಪಿದೆ, ಯಾಕೆ ಬಂತು ಅಂತ ಆಗ ಕೇಳಲೂ ಇಲ್ಲ. ಇದನ್ನು ಬರೆಯುತ್ತೇನೆ.

ಮುಂದಿನ ರವಿವಾರ ಮತ್ತೆ ಹೋಗುತ್ತೇನೆ. ಹತ್ತು ರಿಜಿಸ್ಟರಿನ ಒಂದೊಂದು ಪುಟವನ್ನೂ ಮೊಬೈಲಿನಲ್ಲಿ ಫೋಟೋ ತೆಗೆಯಬೇಕು. ಅಂಟಿಕೊಂಡ ಹಾಳೆ ಬಿಡಿಸೋದು ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ. ಬೆಳಿಗ್ಗೆ ಎಂಟಕ್ಕೆ ಯಲಬುರ್ಗಾ ಬಸ್ ಸ್ಟ್ಯಾಂಡ್ ಹತ್ತಿರ ಇರುತ್ತೇನೆ. ಊಟ ಅಲ್ಲೇ, ಪಂಕ್ತಿಯಲ್ಲಿ.

ಮಾನ್ವಿ ಕಡೆಯವ

ನಾನು ಬರುತ್ತೇನೆ. ನನ್ನ ಕ್ಯಾಮೆರಾ ಚೆನ್ನಾಗಿದೆ, ತರುತ್ತೇನೆ.

ರೊಟ್ಟಿಮನೆ

ಅವ್ವನೂ ಬರುತ್ತಾಳಂತೆ ಅಣ್ಣಾ. ಕುಕನೂರಿನಲ್ಲಿ ಇರುವ ಆ ಅಮ್ಮನನ್ನು ನೋಡಬೇಕಂತೆ.